ಪುಕ್ಕಟೆ ಆಟಕ್ಕೆ ರೊಕ್ಕ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಬಾಗಲಕೋಟಿ ನವನಗರದಾಗ ನಂದೊಂದು ಮೊಬೈಲ್ ರಿಚಾರ್ಜ್, ಝೆರಾಕ್ಸ್ ಅಂಗಡಿ ಐತ್ರಿ. ದಿನಾ ಸಂಜಿಕ ಸಾಲಿ ಬಿಟ್ಟ ಮ್ಯಾಲ ಹುಡುಗ್ರು ನಗದು ರೊಕ್ಕ ಹಿಡಕೊಂಡು ಬಂದು, ‘ಅಣ್ಣಾ, ಪ್ಲೇ ಸ್ಟೋರ್ ಕೋಡ್ ಕೊಡ್ರಿ, ಡೈಮಂಡ್ ಹಾಕಿಸ್ರಿ’ ಅಂತಾರ. ಆಟ ನೋಡಿದ್ರ ಪುಕ್ಕಟೆ. ಹಂಗಾದ್ರ ಕಂಪನಿಗೆ ರೊಕ್ಕ ಹ್ಯಾಂಗ ಬರ್ತೈತಿ? ಗೆಲ್ಲಾಕ ಉಪಯೋಗಕ್ಕ ಬಾರದ ಅಂಗಿಗೆ, ಬಂದೂಕಿನ ಬಣ್ಣಕ್ಕ ಸಾವಿರಗಟ್ಟಲೆ ಯಾಕ ಸುರೀತಾರ? ಹೋದ ವಾರ ನಮ್ಮ ಅಕ್ಕನ ಮಗ, ಒಂಬತ್ತನೇತ್ತೆ ಹುಡುಗ, ಅವರಪ್ಪನ ಫೋನಿನಿಂದ 6,400 ರೂಪಾಯಿ ಕಳದಾನ. ಅದು ವಾಪಸ್ ಬರ್ತೈತೇನ್ರಿ? ಇದೂ ಜೂಜಾಟಾನಾ? ನಾ ಕೋಡ್ ಮಾರೂದು ತಪ್ಪಾ? ಬಿಡಿಸಿ ಹೇಳ್ರಿ.

ಉತ್ತರ: ನೀವು ಅಂಗಡಿ ನಡೆಸುವವರು, ಹಾಗಾಗಿ ಗಲ್ಲಾಪೆಟ್ಟಿಗೆಯಿಂದಲೇ ಹೊರಡೋಣ. ಹುಡುಗನೊಬ್ಬ ಆಟದೊಳಗೆ 100 ರೂಪಾಯಿ ಖರ್ಚು ಮಾಡಿದ ಎನ್ನಿ. ಆ ನೂರರೊಳಗೆ ಶೇ 18ರ ಜಿಎಸ್‌ಟಿ ಸೇರಿಕೊಂಡಿದೆ. ಅದನ್ನು ಬಿಡಿಸಿದರೆ ಉಳಿಯುವುದು 84 ರೂಪಾಯಿ 75 ಪೈಸೆ. ಅದರಲ್ಲಿ ಆ್ಯಪ್ ಸ್ಟೋರ್‌ನ ಪಾಲು ಹೋಗಬೇಕು. ಗೂಗಲ್ ಮತ್ತು ಆ್ಯಪಲ್ ದೊಡ್ಡ ಕಂಪನಿಗಳಿಂದ ಬಹುಕಾಲ ತೆಗೆದುಕೊಂಡು ಬಂದ ದರ ಶೇ 30. ಸಣ್ಣ ಕಂಪನಿಗಳಿಗೆ 2021ರಿಂದ ಶೇ 15 ಮಾಡಿದರು. ಮೂವತ್ತರ ಲೆಕ್ಕದಲ್ಲಿ 25 ರೂಪಾಯಿ 42 ಪೈಸೆ ಹೋಗಿ, ಆಟ ಮಾಡಿದವರ ಕೈಗೆ 59 ರೂಪಾಯಿ ಚಿಲ್ಲರೆ ಬರುತ್ತದೆ. ಕೆಲವು ಆಟಗಳ ಸ್ವಂತ ವೆಬ್‌ಸೈಟಿನಲ್ಲಿ ಟಾಪ್‌ಅಪ್ ಮಾಡಿದರೆ ಒಂದಿಷ್ಟು ಡೈಮಂಡ್ (ಆಟದೊಳಗಿನ ನಾಣ್ಯ) ಹೆಚ್ಚಿಗೆ ಕೊಡುತ್ತಾರಲ್ಲ, ಸ್ಟೋರ್‌ಗೆ ಹೋಗುವ ಪಾಲು ಉಳಿಯುತ್ತದೆಂದೇ ಹಾಗೆ ಕೊಡುತ್ತಾರೆ.

ಇನ್ನು ಸರಕಿನ ಅಸಲು. ಗುಳೇದಗುಡ್ಡದ ನೇಕಾರರು ಹತ್ತು ಖಣ ಮಾರಬೇಕಾದರೆ ಹತ್ತು ಖಣ ನೇಯಬೇಕು, ಹತ್ತಕ್ಕೂ ನೂಲು ಹಾಕಬೇಕು. ಆಟದೊಳಗಿನ ಅಂಗಿಗೆ ಈ ಕಷ್ಟವಿಲ್ಲ. ಚಿತ್ರಕಾರರು ಒಂದು ವಿನ್ಯಾಸ ಬರೆಯುತ್ತಾರೆ. ಅದನ್ನು ಕಂಪ್ಯೂಟರಿನಲ್ಲಿ ಗೊಂಬೆಯಂತೆ ಕಟ್ಟಿ, ಬಣ್ಣ ಹೊದಿಸಿ, ಓಡುವಾಗ ನಿಲುವಂಗಿ ಹೇಗೆ ಹಾರಬೇಕು ಎಂದು ಕೂಡಿಸಿ, ಕಡಿಮೆ ರ‍್ಯಾಮ್ ಇರುವ ಫೋನಿನಲ್ಲೂ ತೊಡರದಂತೆ ಹಗುರ ಮಾಡುತ್ತಾರೆ. ಕೆಲಸ ಒಂದೇ ಸಲದ್ದು. ಆಮೇಲೆ ಅದನ್ನು ಒಬ್ಬನಿಗೆ ಮಾರಲಿ, ಹತ್ತು ಲಕ್ಷ ಮಂದಿಗೆ ಮಾರಲಿ, ಅಸಲು ಏರುವುದಿಲ್ಲ. ನಿತ್ಯದ ಖರ್ಚು ಇರುವುದು ಬೇರೆ ಕಡೆ: ಸರ್ವರ್ ಬಾಡಿಗೆ, ಮೋಸದ ಆ್ಯಪ್ ಹಾಕಿಕೊಂಡು ಆಡುವವರನ್ನು ಹಿಡಿಯುವ ತಂಡ, ಜಾಹೀರಾತು, ಹೆಸರಾಂತ ಸಿನಿಮಾ ಅಥವಾ ಕಾರು ಕಂಪನಿಯ ಹೆಸರು ಬಳಸಿದರೆ ಅವರಿಗೆ ಕೊಡುವ ಹಣ. ಹೀಗಾಗಿ ಒಂದು ಅಂಗಿ ಓಡಿತೆಂದರೆ ಅದರ ಲಾಭ ಆಟವನ್ನೇ ತಿಂಗಳುಗಟ್ಟಲೆ ಸಾಕುತ್ತದೆ.

ಹಾಗಾದರೆ ಕೊಳ್ಳುವವರು ಯಾರು? ಹೆಚ್ಚಿನವರು ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಕೊಡುವ ಸಣ್ಣ ಗುಂಪಿನಲ್ಲೂ ಬಹುಪಾಲು ಮಂದಿ ಹತ್ತು, ಇಪ್ಪತ್ತು, ನೂರು ರೂಪಾಯಿಯವರು. ಗಳಿಕೆಯ ದೊಡ್ಡ ಭಾಗ ಬರುವುದು ಮತ್ತೆ ಮತ್ತೆ ಸಾವಿರಗಟ್ಟಲೆ ಹಾಕುವ ಬೆರಳೆಣಿಕೆಯವರಿಂದ. ಉದ್ಯಮದವರು ಇವರನ್ನು ‘ತಿಮಿಂಗಿಲ’ ಎಂದೇ ಕರೆಯುತ್ತಾರೆ. ಆ ತಿಮಿಂಗಿಲ ಲಕ್ಷಾಧೀಶನೇ ಆಗಬೇಕೆಂದಿಲ್ಲ. ಅಪ್ಪನ ಫೋನಿನ ಯುಪಿಐ ಪಿನ್ ಗೊತ್ತಿರುವ ಒಂಬತ್ತನೇತ್ತೆಯ ಹುಡುಗನೂ ಒಂದು ವಾರದ ಮಟ್ಟಿಗೆ ತಿಮಿಂಗಿಲವೇ.

ಕೊಡದವರು ಕಂಪನಿಗೆ ದಂಡ ಎಂದು ಮಾತ್ರ ತಿಳಿಯಬೇಡಿ. ವ್ಯಾಪಾರದ ಗುಟ್ಟು ಅವರಲ್ಲೇ ಇದೆ. ಬಾದಾಮಿ ಬನಶಂಕರಿ ಜಾತ್ರೆಗೆ ಹೊಸ ಇಳಕಲ್ಲ ಸೀರೆ ಉಟ್ಟು ಹೋಗುವುದೇಕೆ? ನೋಡುವ ಜನ ಅಲ್ಲಿ ಇದ್ದಾರೆಂದು. ನೂರು ಆಟಗಾರರು ಒಂದು ವಿಮಾನದಿಂದ ಧುಮುಕುವ ಆಟದಲ್ಲಿ ತೊಂಬತ್ತು ಮಂದಿ ಸಾದಾ ಅಂಗಿಯಲ್ಲಿದ್ದರೆ ತಾನೇ ಉಳಿದ ಹತ್ತು ಮಂದಿಯ ಝಗಮಗ ಕಣ್ಣಿಗೆ ಬೀಳುವುದು? ಅದಕ್ಕೇ ಆಟ ಶುರುವಾಗುವ ಮುಂಚೆ ಎಲ್ಲರನ್ನೂ ಒಂದು ಮೈದಾನದಲ್ಲಿ ನಿಲ್ಲಿಸುತ್ತಾರೆ, ಸ್ಕ್ವಾಡಿನ, ಅಂದರೆ ತಂಡದ, ನಾಲ್ವರನ್ನು ಲಾಬಿ ಎಂಬ ಮೊದಲ ಪರದೆಯಲ್ಲಿ ಸಾಲಾಗಿ ತೋರಿಸುತ್ತಾರೆ. ಯಾರಾದರೂ ನಿಮ್ಮನ್ನು ಹೊಡೆದು ಕೆಡವಿದರೆ ಹೊಡೆದವನ ಬಂದೂಕಿನ ಬಣ್ಣ ಪರದೆಯ ಮೇಲೆ ಮೂಡುತ್ತದೆ, ಗೆದ್ದವನ ಕುಣಿತ ಕೊನೆಗೆ ಬರುತ್ತದೆ. ಇವೆಲ್ಲ ಅಂಗಡಿಯ ಶೋಕೇಸ್. ‘ಉಪಯೋಗಕ್ಕೆ ಬಾರದ ಅಂಗಿ’ ಎಂದಿರಲ್ಲ, ಹುಡುಗರ ಪಾಲಿಗೆ ಅದರ ಉಪಯೋಗ ಇಷ್ಟೇ ಮತ್ತು ಇಷ್ಟೊಂದು: ಗೆಳೆಯರ ನಡುವೆ ಎದ್ದು ಕಾಣುವುದು. ಪುಕ್ಕಟೆ ಬರುವ ಡೀಫಾಲ್ಟ್ ಅಂಗಿಯಲ್ಲಿ ಬಂದವನನ್ನು ‘ನೂಬ್’ (ಆಡಲು ಬಾರದವನು) ಎಂದು ಕಾಡಿಸುವುದು ಈ ವಯಸ್ಸಿನಲ್ಲಿ ಚುಚ್ಚುತ್ತದೆ. ಬೈದರೆ ಆ ನೋವು ಹೋಗುವುದಿಲ್ಲ.

ಹೆಚ್ಚು ಪೆಟ್ಟು ಕೊಡುವ ಬಂದೂಕನ್ನೇ ಮಾರಿದರೆ ಇನ್ನೂ ಲಾಭವಲ್ಲವೇ ಎಂದು ಕೇಳಬಹುದು. ಮಾರಿ ಕೆಟ್ಟ ಆಟಗಳು ಬೇಕಾದಷ್ಟಿವೆ. ರೊಕ್ಕ ಕೊಟ್ಟವನೇ ಗೆಲ್ಲುವಂತಾದರೆ ಕೊಡದವರು ಬಿಟ್ಟು ಹೋಗುತ್ತಾರೆ. ಜನ ಕಡಿಮೆಯಾದರೆ ಒಂದು ಪಂದ್ಯಕ್ಕೆ ನೂರು ಮಂದಿ ಕೂಡಲು ಹೊತ್ತು ಹಿಡಿಯುತ್ತದೆ, ಖಾಲಿ ಜಾಗಕ್ಕೆ ಕಂಪ್ಯೂಟರ್ ಗೊಂಬೆಗಳನ್ನು ತುಂಬಬೇಕಾಗುತ್ತದೆ, ಕೊನೆಗೆ ಕೊಟ್ಟವನಿಗೂ ತೋರಿಸಿಕೊಳ್ಳಲು ಜನವಿರುವುದಿಲ್ಲ. ಆದರೂ ಎಲ್ಲ ಆಟಗಳೂ ಶುದ್ಧವಾಗಿಲ್ಲ. ಫ್ರೀ ಫೈರ್‌ನ ಬಂದೂಕಿನ ಸ್ಕಿನ್‌ಗಳಿಗೆ (ಹೊರಗಿನ ಬಣ್ಣದ ಹೊದಿಕೆಗಳಿಗೆ) ಪೆಟ್ಟು, ಗುಂಡಿನ ವೇಗ, ರೀಲೋಡ್ ಇವುಗಳಲ್ಲಿ ಸಣ್ಣ ಹೆಚ್ಚುಕಡಿಮೆ ಇದ್ದೇ ಇದೆ. ಸ್ಕಿನ್‌ನ ಕೆಳಗೆ ಕಾಣುವ ಕೂಡು, ಕಳೆ ಗುರುತುಗಳು ಅದನ್ನೇ ಹೇಳುತ್ತವೆ.

ಈ ವ್ಯಾಪಾರ ಹೊಸದೇನಲ್ಲ. ‘ಟೀಮ್ ಫೋರ್ಟ್ರೆಸ್ 2’ ಎಂಬ ಆಟದಲ್ಲಿ 2010ರಲ್ಲಿ ಕೀಲಿ ಕೊಂಡು ತೆರೆಯುವ ಪೆಟ್ಟಿಗೆಗಳು ಬಂದವು. 2011ರಲ್ಲಿ ಆಟವನ್ನೇ ಪುಕ್ಕಟೆ ಮಾಡಿ, ಟೋಪಿ ಮಾರಿ ಬದುಕಬಹುದೆಂದು ವಾಲ್ವ್ ಕಂಪನಿ ತೋರಿಸಿಕೊಟ್ಟಿತು. ಅದೇ ಕಂಪನಿ 2013ರಲ್ಲಿ ‘ಡೋಟಾ 2’ ಪಂದ್ಯಾವಳಿಗೆ ಒಂದು ಡಿಜಿಟಲ್ ಪುಸ್ತಿಕೆ ಮಾರಿ, ಬಂದದ್ದರಲ್ಲಿ ಶೇ 25ನ್ನು ಬಹುಮಾನಕ್ಕೆ ಕೂಡಿಸಿತು. ಈಗಿನ ‘ಪಾಸ್’ಗಳ ಮೂಲ ಅದು, ಪಾಸ್ ಎಂದರೇನೆಂದು ಮುಂದೆ ಹೇಳುತ್ತೇನೆ. 2021ರ ಹೊತ್ತಿಗೆ ಆ ಪಂದ್ಯಾವಳಿಯ ಬಹುಮಾನ 4 ಕೋಟಿ ಡಾಲರ್ ಮುಟ್ಟಿತ್ತು. ನಮ್ಮ ಹುಡುಗರ ಕೈಗೆ ಇದು ಬಂದದ್ದು 2018ರ ಪಬ್‌ಜಿ ಮೊಬೈಲ್‌ನಿಂದ. ಅದು 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು, 2021ರಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು. ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ ನಿಷೇಧವಾದರೂ ಫ್ರೀ ಫೈರ್ ಮ್ಯಾಕ್ಸ್ ಉಳಿದುಕೊಂಡಿತು.

ಈಗ ರೊಕ್ಕ ಹೇಗೆ ಬಿಚ್ಚಿಸುತ್ತಾರೆ ಎಂಬ ಮಾತಿಗೆ ಬರೋಣ. ಮೊದಲ ಹೆಜ್ಜೆಯ ಹೆಸರು ನಿಮಗೆ ಚೆನ್ನಾಗಿ ಗೊತ್ತು: ಬೋಣಿ. ಹೊಸ ಆಟಗಾರನಿಗೆ ಹತ್ತಿಪ್ಪತ್ತು ರೂಪಾಯಿಗೆ ಭಾರೀ ಗಂಟು ಕೊಡುತ್ತಾರೆ, ಇಲ್ಲವೇ ಮೊದಲ ಟಾಪ್‌ಅಪ್‌ಗೆ ಎರಡು ಪಟ್ಟು ಡೈಮಂಡ್. ಇದರಲ್ಲಿ ಲಾಭ ಮುಖ್ಯವಲ್ಲ. ಒಮ್ಮೆ ಫೋನಿನಲ್ಲಿ ಪಾವತಿಯ ದಾರಿ ಕೂಡಿಕೊಂಡರೆ, ‘ಈ ಆಟಕ್ಕೆ ನಾನು ರೊಕ್ಕ ಕೊಡುವವನಲ್ಲ’ ಎಂಬ ಗೆರೆ ಒಮ್ಮೆ ದಾಟಿದರೆ, ಎರಡನೆಯ ಸಲ ಕೈ ತಡೆಯುವುದಿಲ್ಲ.

ಎರಡನೆಯದು ನಾಣ್ಯ ಬದಲಿಸುವುದು. ಅಂಗಿಯ ಮೇಲೆ ರೂಪಾಯಿ ಬರೆದಿರುವುದಿಲ್ಲ, ಡೈಮಂಡ್ ಅಥವಾ ಯುಸಿ (ಬಿಜಿಎಂಐ ಆಟದ ನಾಣ್ಯ) ಎಂದು ಬರೆದಿರುತ್ತದೆ. ಗಂಟುಗಳ ಅಳತೆ ಮತ್ತು ವಸ್ತುಗಳ ಬೆಲೆ ಎಂದೂ ಸರಿ ಕೂಡುವುದಿಲ್ಲ. ಬೇಕೆಂದೇ ಹಾಗೆ ಇಡುತ್ತಾರೆ. ಉಳಿದ ಚೂರುಪಾರು ವಾಪಸ್ ರೂಪಾಯಿಯಾಗುವುದಿಲ್ಲ, ‘ಇಷ್ಟಿದೆಯಲ್ಲ, ಇನ್ನಷ್ಟು ಹಾಕಿದರೆ ಮುಂದಿನದು ಬರುತ್ತದೆ’ ಎಂದು ಕರೆಯುತ್ತಾ ಖಾತೆಯಲ್ಲಿ ಕೂತಿರುತ್ತದೆ.

ಮೂರನೆಯದು ಚಕ್ರ. ಹುಡುಗರು ‘ಸ್ಪಿನ್’ ಎನ್ನುವುದು ಇದನ್ನೇ. ಇದನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಬುದ್ಧಿವಂತ ಹುಡುಗರೂ ಎಡವುವುದು ಇಲ್ಲೇ. ಎಂಟು ವಸ್ತುಗಳಿರುವ ಚಕ್ರ ಎಂದುಕೊಳ್ಳಿ. ಬಂದ ವಸ್ತು ಮತ್ತೆ ಬರುವುದಿಲ್ಲ, ಹಾಗಾಗಿ ಎಂಟನೆಯ ತಿರುವಿನೊಳಗೆ ಎಲ್ಲರೂ ಬಯಸುವ ದೊಡ್ಡ ವಸ್ತು, ಅಂದರೆ ಉಡುಪಿನ ಬಂಡಲ್, ಸಿಕ್ಕೇ ಸಿಗುತ್ತದೆ. ಕೇಳಲು ನ್ಯಾಯವಾಗಿದೆ. ಆದರೆ ಪ್ರತಿ ತಿರುವಿಗೂ ದರ ಏರುತ್ತದೆ: 9, 19, 39, 69, 99, 149, 199, ಕೊನೆಗೆ 499 ಡೈಮಂಡ್. ಒಟ್ಟು ಕೂಡಿಸಿದರೆ 1,082. ಹುಡುಗನಿಗೆ ಕಾಣುವುದು ಮೊದಲಿನ 9 ಮಾತ್ರ.

‘ಎಂಟರಲ್ಲಿ ಒಂದು, ನಡುವೆ ಎಲ್ಲೋ ಬಂದೇ ಬರುತ್ತದೆ’ ಎಂದು ಅವನ ಲೆಕ್ಕ. ಎಲ್ಲ ವಸ್ತುಗಳಿಗೂ ಸಮ ಅವಕಾಶವಿದ್ದರೆ ಆ ಲೆಕ್ಕ ಸರಿಯೇ. ಸರಾಸರಿ ಖರ್ಚು 316 ಡೈಮಂಡ್ ಆಗುತ್ತಿತ್ತು. ಆದರೆ ದೊಡ್ಡ ವಸ್ತುವಿಗೆ ಅವಕಾಶ ಕಡಿಮೆ ಇಟ್ಟಿರುತ್ತಾರೆ. ಮೊದಲ ತಿರುವಿನಲ್ಲಿ ಅದು ಬರುವ ಸಾಧ್ಯತೆ ಶೇ 1, ಉಳಿದ ಏಳೂ ತಮ್ಮೊಳಗೆ ಸಮ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಏಳು ತಿರುವು ಮುಗಿದರೂ ಬಂಡಲ್ ಬಾರದೆ ಎಂಟನೆಯದಕ್ಕೆ ಹೋಗುವ ಸಾಧ್ಯತೆ ಸುಮಾರು ಶೇ 84. ಅಂದರೆ ನೂರು ಹುಡುಗರಲ್ಲಿ ಸುಮಾರು ಎಂಬತ್ನಾಲ್ಕು ಮಂದಿ 1,082 ಡೈಮಂಡನ್ನೂ ಕಟ್ಟುತ್ತಾರೆ. ಏಳನೆಯ ತಿರುವು ಮುಗಿದಾಗ 583 ಡೈಮಂಡ್ ಆಗಲೇ ಹೋಗಿರುತ್ತದೆ, ಕೈಯಲ್ಲಿರುವುದು ಬೇಡದ ಬೆನ್ನುಚೀಲ, ಹಳೆಯ ಟೋಪಿ. ಆಗ 499 ದುಬಾರಿ ಎನಿಸುವುದಿಲ್ಲ, ಬಿಟ್ಟು ಎದ್ದರೇ ನಷ್ಟ ಎನಿಸುತ್ತದೆ.

ಇದನ್ನು ರೂಪಾಯಿಗೆ ತನ್ನಿ. 100 ಡೈಮಂಡ್‌ಗೆ 80 ರೂಪಾಯಿ, 1,060 ಡೈಮಂಡ್‌ಗೆ 800 ರೂಪಾಯಿಯ ಗಂಟುಗಳಿವೆ ಎನ್ನಿ. 800 ಹಾಕಿದವನು ಕೊನೆಯ ತಿರುವಿಗೆ ಬಂದಾಗ 22 ಡೈಮಂಡ್ ಕಡಿಮೆ ಬೀಳುತ್ತದೆ. ಅದಕ್ಕೆಂದು ಮತ್ತೆ 80 ರೂಪಾಯಿ. ಒಟ್ಟು 880 ಖರ್ಚಾಗಿ, 78 ಡೈಮಂಡ್ ಉಳಿಯುತ್ತದೆ. ಆ 78 ಮುಂದಿನ ಚಕ್ರದ ಮೊದಲ ಮೂರು ತಿರುವಿಗೆ ಸಾಕು. ಹುಡುಗ ‘ಪುಕ್ಕಟೆ’ ಎಂದುಕೊಂಡೇ ಅದನ್ನು ಶುರು ಮಾಡುತ್ತಾನೆ. ನಿಮ್ಮ ಅಂಗಡಿಗೆ ಸಂಜೆ 80 ರೂಪಾಯಿ ಕೋಡ್ ಕೇಳಿಕೊಂಡು ಓಡಿ ಬರುವ ಹುಡುಗ ಎಷ್ಟೋ ಸಲ ಈ 22ನ್ನು ತುಂಬಿಸಲು ಬಂದವನು.

ಚಕ್ರಕ್ಕಾದರೂ ಕೊನೆಯಿದೆ. ರೊಕ್ಕ ಕೊಟ್ಟು ತೆರೆಯುವ ಕ್ರೇಟ್ ಎಂಬ ಪೆಟ್ಟಿಗೆಗಳಲ್ಲಿ ಅದೂ ಇರಬೇಕೆಂದಿಲ್ಲ. ಶೇ 1 ಅವಕಾಶ ಎಂದರೆ ನೂರು ಪೆಟ್ಟಿಗೆ ತೆರೆದರೆ ಒಂದು ಬಂದೇ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ನೂರು ತೆರೆದ ಮೇಲೂ ಬರಿಗೈಯಲ್ಲಿ ಉಳಿಯುವವರು ನೂರಕ್ಕೆ 37 ಮಂದಿ. ಇನ್ನೂರು ತೆರೆದರೂ 13 ಮಂದಿಗೆ ಸಿಗುವುದಿಲ್ಲ. ಒಂದು ಪೆಟ್ಟಿಗೆಗೆ 30 ರೂಪಾಯಿ ಎಂದರೆ ಆ ಹದಿಮೂರು ಮಂದಿ ತಲಾ 6,000 ಕಳೆದಿರುತ್ತಾರೆ. ಹಿಂದಿನ ಪೆಟ್ಟಿಗೆ ಖಾಲಿಯಾಯಿತೆಂದು ಮುಂದಿನದಕ್ಕೆ ಕನಿಕರ ಬರುವುದಿಲ್ಲ, ಪ್ರತಿ ಸಲವೂ ಅದೇ ಶೇ 1. ಈ ಕಾರಣಕ್ಕೆ ಕೆಲವು ಆಟಗಳು ‘ಇಷ್ಟು ಸಲ ಬಾರದಿದ್ದರೆ ಖಾತ್ರಿ’ ಎಂಬ ನಿಯಮ ಇಟ್ಟಿವೆ. ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಐದು ನಕ್ಷತ್ರದ ಪಾತ್ರಕ್ಕೆ ಮೂಲ ಅವಕಾಶ ಶೇ 0.6, ತೊಂಬತ್ತನೆಯ ಸಲಕ್ಕೆ ಖಾತ್ರಿ. ಆದರೆ ಖಾತ್ರಿಯಾಗಿ ಬಂದದ್ದು ನಿಮಗೆ ಬೇಕಾದ ಪಾತ್ರವೇ ಆಗಿರಬೇಕೆಂದಿಲ್ಲ. ಬೇರೆ ಬಂದರೆ ಮತ್ತೆ ತೊಂಬತ್ತರವರೆಗೆ ಹೋಗಬೇಕಾಗಬಹುದು. ಹಾಗಾಗಿ ಲೆಕ್ಕ ಹಾಕುವಾಗ 180 ಎಂದೇ ಹಾಕಬೇಕು.

ಈ ಅವಕಾಶಗಳ ಪಟ್ಟಿಯನ್ನು ಬಹಿರಂಗವಾಗಿ ತೋರಿಸುವಂತೆ ಮಾಡಿದ್ದು ಸರ್ಕಾರಗಳ ಒತ್ತಡ. ಚೀನಾ 2017ರ ಮೇ ತಿಂಗಳಿಂದ ಕಡ್ಡಾಯ ಮಾಡಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಆ್ಯಪಲ್, 2019ರಲ್ಲಿ ಗೂಗಲ್ ತಮ್ಮ ಸ್ಟೋರ್‌ಗಳಲ್ಲಿ ನಿಯಮ ತಂದವು, 2024ರ ಮಾರ್ಚ್‌ನಿಂದ ದಕ್ಷಿಣ ಕೊರಿಯಾದಲ್ಲೂ ಕಡ್ಡಾಯ. ಬೆಲ್ಜಿಯಂ 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜು ಎಂದು ಹೇಳಿತು. ಚೀನಾದ ನಿಯಮದಿಂದಲೇ ‘ಕೌಂಟರ್ ಸ್ಟ್ರೈಕ್’ ಆಟದ ಪೆಟ್ಟಿಗೆಯಲ್ಲಿ ಚಾಕು ಬರುವ ಅವಕಾಶ ಶೇ 0.26 ಎಂದು ಜಗತ್ತಿಗೆ ತಿಳಿಯಿತು. ಅಂದರೆ ಸುಮಾರು 385 ಪೆಟ್ಟಿಗೆಗೆ ಒಂದು. ಒಂದು ಕೀಲಿಗೆ 2.49 ಡಾಲರ್. ನಿಮ್ಮಲ್ಲಿಗೆ ಬರುವ ಹುಡುಗರ ಆಟಗಳಲ್ಲೂ ಈ ಪಟ್ಟಿ ಇದೆ. ಚಕ್ರದ ಮೂಲೆಯಲ್ಲಿ ಸಣ್ಣ ‘ಐ’ ಅಥವಾ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ತೆರೆಯುತ್ತದೆ. ಒಮ್ಮೆ ಹುಡುಗರ ಕೈಯಲ್ಲೇ ಅದನ್ನು ತೆರೆಸಿ, ಓದಿಸಿ.

ಇವೆಲ್ಲಕ್ಕಿಂತ ಪಾಸ್ ಮೇಲು ಎನ್ನುವುದು ನನ್ನ ಅಭಿಪ್ರಾಯ. ಅದರಲ್ಲಿ ಏನು ಸಿಗುತ್ತದೆಂದು ಮೊದಲೇ ಕಾಣುತ್ತದೆ, ಅದೃಷ್ಟದ ಮಾತಿಲ್ಲ. ನಿಗದಿತ ಬೆಲೆ ಕೊಟ್ಟು ಕೊಂಡು, ದಿನವೂ ಆಡಿ ಹಂತ ಏರಿದಂತೆ ವಸ್ತುಗಳು ಬಿಚ್ಚಿಕೊಳ್ಳುತ್ತವೆ. ಕೆಲವು ಪಾಸ್‌ಗಳಲ್ಲಿ ಪೂರ್ತಿ ಮುಗಿಸಿದವರಿಗೆ ಮುಂದಿನ ಪಾಸಿಗೆ ಬೇಕಾಗುವಷ್ಟು ನಾಣ್ಯ ಒಳಗೇ ಇರುತ್ತದೆ. ಫೋರ್ಟ್‌ನೈಟ್ ಈ ಪದ್ಧತಿಯಿಂದಲೇ ಜನರನ್ನು ಹಿಡಿದಿಟ್ಟಿತು. ಆದರೆ ಅದರ ಬೆಲೆ ರೊಕ್ಕದಲ್ಲಷ್ಟೇ ಅಲ್ಲ, ಹೊತ್ತಿನಲ್ಲೂ ತೀರುತ್ತದೆ. ಒಂದು ವಾರ ಪರೀಕ್ಷೆಯೆಂದು ಬಿಟ್ಟರೆ ಹಿಂದೆ ಬೀಳುತ್ತೀರಿ, ಸೀಸನ್ (ಪಾಸಿನ ಅವಧಿ) ಮುಗಿಯಲು ಮೂರು ದಿನ ಇರುವಾಗ ‘ಉಳಿದ ಹಂತಗಳನ್ನು ಕೊಂಡುಬಿಡಿ’ ಎಂಬ ಗುಂಡಿ ಮೇಲೆ ಬರುತ್ತದೆ. ಇದಕ್ಕೆ ಒಂದು ಸರಳ ಉಪಾಯವಿದೆ. ಸೀಸನ್ ಶುರುವಾದಾಗ ಪಾಸ್ ಕೊಳ್ಳಬೇಡಿ. ಪುಕ್ಕಟೆಯಾಗಿಯೇ ಆಡಿ, ಕೊನೆಯ ವಾರದಲ್ಲಿ ಯಾವ ಹಂತ ಮುಟ್ಟಿದ್ದೀರಿ ನೋಡಿ. ಆಗ ಕೊಂಡರೂ ಸಾಮಾನ್ಯವಾಗಿ ಅಷ್ಟರವರೆಗಿನ ವಸ್ತುಗಳೆಲ್ಲ ಒಟ್ಟಿಗೆ ಸಿಗುತ್ತವೆ.

ಈಗ ನಿಮ್ಮ ಅಕ್ಕನ ಮಗನ ವಿಷಯ. ಮೊದಲು ಅಪ್ಪನ ಫೋನಿನ ಪ್ಲೇ ಸ್ಟೋರ್‌ನಲ್ಲಿ ಮೇಲಿನ ಫೋಟೋ ಒತ್ತಿ, ಪಾವತಿ ವಿಭಾಗದಲ್ಲಿ ಖರೀದಿ ಇತಿಹಾಸ ತೆರೆಯಿರಿ. ಒಂದೊಂದು ಖರೀದಿಗೂ ‘ಜಿಪಿಎ’ ಎಂದು ಶುರುವಾಗುವ ಆರ್ಡರ್ ಸಂಖ್ಯೆ ಇರುತ್ತದೆ, ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಖರೀದಿಯಾಗಿ 48 ಗಂಟೆ ದಾಟಿರದಿದ್ದರೆ ಗೂಗಲ್‌ಗೆ ನೇರವಾಗಿ ರೀಫಂಡ್ ಕೇಳುವ ದಾರಿ ಸುಲಭ. ಮನೆಯವರು ಒಪ್ಪಿಗೆಯಿಲ್ಲದೆ ಕೊಂಡದ್ದು ಎಂಬ ಕಾರಣವನ್ನು ಆರಿಸಬೇಕು. ಪ್ರತಿ ಆರ್ಡರಿಗೂ ಬೇರೆ ಅರ್ಜಿ. ನೀವು ಬರೆದಂತೆ ಒಂದು ವಾರ ಆಗಿರುವುದರಿಂದ ಗೂಗಲ್‌ನ ಅರ್ಜಿ ಹಾಕುವುದರ ಜೊತೆಗೆ ಆಟದ ಕಂಪನಿಯ ಗ್ರಾಹಕ ಸೇವೆಗೂ ಬರೆಯಿರಿ. ಹುಡುಗನ ವಯಸ್ಸು, ಆಟಗಾರನ ಐಡಿ, ಆರ್ಡರ್ ಸಂಖ್ಯೆಗಳು, ದಿನಾಂಕ, ಮೊತ್ತ ಇಷ್ಟೂ ಒಂದೇ ಪತ್ರದಲ್ಲಿ ಇರಲಿ. ಡೈಮಂಡ್ ಉಳಿದಿದ್ದರೆ ಅದನ್ನು ಮುಟ್ಟದಂತೆ ಹುಡುಗನಿಗೆ ಹೇಳಿ. ಖರ್ಚಾಗದ ನಾಣ್ಯವಿದ್ದರೆ ಕೇಳುವುದಕ್ಕೆ ಬಲ ಬರುತ್ತದೆ.

1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನಂತೆ 18 ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಪತ್ರದಲ್ಲಿ ಇದನ್ನು ಹೇಳಬಹುದು. ಆದರೆ ಖಾತೆ ಅಪ್ಪನದು, ಪಿನ್ ಅಪ್ಪನದು, ಆದ್ದರಿಂದ ಕಂಪನಿ ‘ಕೊಂಡವರು ನೀವೇ’ ಎನ್ನುವ ಸಂಭವವಿದೆ. ಪೂರ್ತಿ ಹಣ ಬಂದೇ ಬರುತ್ತದೆಂದು ಅಕ್ಕನಿಗೆ ಮಾತು ಕೊಡಬೇಡಿ. ಇನ್ನೊಂದು, ಬ್ಯಾಂಕಿಗೆ ಹೋಗಿ ‘ಯಾರೋ ಕಳ್ಳರು ಹೊಡೆದಿದ್ದಾರೆ’ ಎಂದು ದೂರು ಕೊಡುವುದು ತಪ್ಪು. ಸರಿಯಾದ ಪಿನ್ ಹಾಕಿದ ವಹಿವಾಟು ಅದು, ದೂರು ನಿಲ್ಲುವುದಿಲ್ಲ. ನಿಂತು ಹಣ ಹಿಂದಕ್ಕೆ ಬಂದರೂ ಆಟದ ಖಾತೆ ಬಂದ್ ಆಗಬಹುದು, ಡೈಮಂಡ್ ಲೆಕ್ಕ ಮೈನಸ್‌ಗೆ ಇಳಿಯಬಹುದು.

ಮುಂದೆ ಹೀಗಾಗದಿರಲು ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವ ಆಯ್ಕೆ ಹಾಕಿ. ‘30 ನಿಮಿಷಕ್ಕೊಮ್ಮೆ’ ಎಂಬ ಆಯ್ಕೆ ಸಾಲದು, ಅರ್ಧ ಗಂಟೆಯಲ್ಲಿ ಇಪ್ಪತ್ತು ತಿರುವು ಆಗುತ್ತದೆ. ಬೆರಳಚ್ಚಿನ ದೃಢೀಕರಣ ಇಟ್ಟಿದ್ದರೆ ಒಂದನ್ನು ಮರೆಯದೆ ನೋಡಿ: ಅಪ್ಪನ ಫೋನ್ ತೆರೆಯಲು ಮಗನ ಬೆರಳಚ್ಚನ್ನೂ ಸೇರಿಸಿರುತ್ತಾರೆ, ಅದೇ ಬೆರಳು ಖರೀದಿಗೂ ನಡೆಯುತ್ತದೆ. ಬಹಳ ಮನೆಗಳಲ್ಲಿ ಸೋರುವುದು ಇಲ್ಲೇ. ಯುಪಿಐ ಪಿನ್ ಬದಲಿಸಿ, ಯುಪಿಐ ಆ್ಯಪಿನಲ್ಲಿ ಆಟೋಪೇ ಪಟ್ಟಿ ತೆರೆದು ಗೊತ್ತಿಲ್ಲದ್ದನ್ನು ರದ್ದು ಮಾಡಿ. ಹುಡುಗನಿಗೆ ಬೇರೆ ಫೋನ್ ಇದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿದರೆ ಅವನ ಖರೀದಿಗೆ ಅಪ್ಪನ ಒಪ್ಪಿಗೆ ಕೇಳುತ್ತದೆ. ಆಟದೊಳಗಿನ ಮಿತಿಗಳನ್ನೇ ನಂಬಿ ಕೂರಬೇಡಿ. 2021ರಲ್ಲಿ ಬಿಜಿಎಂಐ ಬಂದಾಗ ಅಪ್ರಾಪ್ತರಿಗೆ ಇಟ್ಟ ಖರ್ಚಿನ ಮಿತಿ ದಿನಕ್ಕೆ 7,000 ರೂಪಾಯಿ. ನಿಮ್ಮ ಅಳಿಯನ 6,400 ಅದರೊಳಗೇ ಬರುತ್ತದೆ. ವಯಸ್ಸು ಸುಳ್ಳು ಬರೆದರೆ ಆ ಮಿತಿಯೂ ಇಲ್ಲ.

ಮಕ್ಕಳಿಂದ ಹೀಗೆ ಹಣ ಎಳೆಯುವುದನ್ನು ಬೇರೆ ದೇಶಗಳಲ್ಲಿ ಹಿಡಿದು ಕೇಳಿದ್ದಾರೆ. ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ 2022ರ ಡಿಸೆಂಬರ್‌ನಲ್ಲಿ ಫೋರ್ಟ್‌ನೈಟ್ ಮಾಡಿದ ಎಪಿಕ್ ಗೇಮ್ಸ್‌ನಿಂದ 52 ಕೋಟಿ ಡಾಲರ್‌ಗೆ ರಾಜಿ ಮಾಡಿಸಿತು. ಅದರಲ್ಲಿ 24.5 ಕೋಟಿ ಡಾಲರ್ ಆಟಗಾರರಿಗೆ ಹಿಂದಿರುಗಿಸಲಿಕ್ಕೆಂದೇ ಇಟ್ಟದ್ದು. ಒಂದೇ ಗುಂಡಿ ಒತ್ತಿದರೆ ಖರೀದಿಯಾಗಿಬಿಡುವಂಥ ಗೊಂದಲದ ವಿನ್ಯಾಸಕ್ಕಾಗಿ. 2025ರ ಜನವರಿಯಲ್ಲಿ ಗೆನ್‌ಶಿನ್ ಕಂಪನಿಯೂ 2 ಕೋಟಿ ಡಾಲರ್ ಕೊಟ್ಟು, 16 ತುಂಬದವರಿಗೆ ತಂದೆತಾಯಿಯ ಒಪ್ಪಿಗೆಯಿಲ್ಲದೆ ಅದೃಷ್ಟದ ಪೆಟ್ಟಿಗೆ ಮಾರುವುದಿಲ್ಲವೆಂದು ಒಪ್ಪಿತು. ನಮ್ಮಲ್ಲೂ ಇಂಥದ್ದೊಂದು ನಿಯಮ ಬೇಕು.

ಇದು ಜೂಜೇ ಎಂದು ಕೇಳಿದ್ದೀರಿ. ಮನಸ್ಸಿನ ಮೇಲೆ ಆಗುವ ಪರಿಣಾಮ ನೋಡಿದರೆ ಚಕ್ರಕ್ಕೂ ಜೂಜಿಗೂ ಅಂತರ ಕಡಿಮೆ. ಕಾನೂನು ನೋಡುವುದು ಬೇರೆ ಅಂಶವನ್ನು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಅಥವಾ ಹಣಕ್ಕೆ ಸಮನಾದ ಲಾಭ ಗೆಲ್ಲುವ ನಿರೀಕ್ಷೆಯಿಂದ ರೊಕ್ಕ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುತ್ತದೆ; ಇ-ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳನ್ನು ಬೇರೆಯಾಗಿ ಇಡುತ್ತದೆ. ಆಟದ ಅಂಗಿ ಸಾಮಾನ್ಯವಾಗಿ ಮತ್ತೆ ರೂಪಾಯಿ ಆಗುವುದಿಲ್ಲ, ಖಾತೆಯಿಂದ ಹೊರಗೆ ಬರುವುದೂ ಇಲ್ಲ. ಆ ವ್ಯತ್ಯಾಸದ ಮೇಲೆಯೇ ಈ ವ್ಯಾಪಾರ ನಿಂತಿದೆ. ಕಂಪ್ಯೂಟರ್ ಆಟಗಳ ಸ್ಟೀಮ್ ಮಾರುಕಟ್ಟೆಯಲ್ಲಿ ಮಾತ್ರ ಆಟಗಾರರೇ ಒಬ್ಬರಿಗೊಬ್ಬರು ವಸ್ತು ಮಾರಬಹುದು. ಕೌಂಟರ್ ಸ್ಟ್ರೈಕ್ ವಸ್ತುವಿನ ಪ್ರತಿ ಮಾರಾಟದಲ್ಲೂ ಸುಮಾರು ಶೇ 15 ಕಂಪನಿಗೆ ಹೋಗುತ್ತದೆ.

ನೀವು ಎಚ್ಚರ ವಹಿಸಬೇಕಾದ್ದು ‘ಕಸ್ಟಮ್ ರೂಮ್’, ಅಂದರೆ ಆಟಗಾರರೇ ತಮ್ಮೊಳಗೆ ಏರ್ಪಡಿಸುವ ಖಾಸಗಿ ಪಂದ್ಯದ ವಿಷಯದಲ್ಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಲಾ 50 ರೂಪಾಯಿ ಕೂಡಿಸಿ, ಗೆದ್ದವನಿಗೆ 1,000 ಎಂದು ಪಂದ್ಯ ಇಡುತ್ತಾರೆ, ರೊಕ್ಕ ಕೂಡಿಸಲು ಅಂಗಡಿಯ ಕ್ಯೂಆರ್ ಕೋಡ್ ಕೇಳುತ್ತಾರೆ. ಕೊಡಬೇಡಿ. ಆ ಕಾಯ್ದೆಯಲ್ಲಿ ಹಣದ ಆಟ ನಡೆಸುವವರಿಗೂ ಅದರ ಹಣದ ವಹಿವಾಟಿಗೆ ಅನುಕೂಲ ಮಾಡಿಕೊಡುವವರಿಗೂ 3 ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡದ ಅವಕಾಶವಿದೆ.

ಪ್ಲೇ ಸ್ಟೋರ್ ಕೋಡ್ ಮಾರುವುದು ತಪ್ಪಲ್ಲ, ಅದು ರಿಚಾರ್ಜ್ ಇದ್ದಂತೆ. ಆದರೆ ಅಧಿಕೃತ ವಿತರಕರಿಂದ ಬಂದ ಕೋಡನ್ನೇ ಮಾರಿ. ‘100ರ ಕೋಡ್ 70ಕ್ಕೆ’ ಎಂದು ಟೆಲಿಗ್ರಾಮ್‌ನಲ್ಲಿ ಸಿಗುವುದು ಬಹಳ ಸಲ ಕದ್ದ ಕಾರ್ಡಿನಿಂದ ಕೊಂಡದ್ದು. ಕಾರ್ಡಿನ ಯಜಮಾನ ದೂರು ಕೊಟ್ಟ ದಿನ ಹುಡುಗನ ಖಾತೆ ಬಂದ್ ಆಗುತ್ತದೆ, ಅವನು ಜಗಳಕ್ಕೆ ಬರುವುದು ನಿಮ್ಮ ಕಟ್ಟೆಗೆ. ಕೋಡನ್ನು ಒಮ್ಮೆ ಹಾಕಿದ ಮೇಲೆ ಹಿಂದಕ್ಕೆ ಪಡೆಯಲಾಗದು, ಹಾಗಾಗಿ ಹಾಕುವ ಮುಂಚೆ ಫೋನಿನಲ್ಲಿ ಯಾವ ಜೀಮೇಲ್ ಖಾತೆ ತೆರೆದಿದೆ ಎಂದು ಕೇಳಿ. ಅಣ್ಣನ ಖಾತೆಗೆ ಹೋಗಿ ಕೂತ 400 ರೂಪಾಯಿಯನ್ನು ತಮ್ಮನ ಆಟಕ್ಕೆ ತರಲು ಆಗುವುದಿಲ್ಲ.

ನೇರ ಟಾಪ್‌ಅಪ್‌ಗೆ ಬೇಕಾಗುವುದು ಆಟಗಾರನ ಐಡಿ ಸಂಖ್ಯೆ ಮಾತ್ರ. ಪಾಸ್‌ವರ್ಡ್ ಕೇಳಬೇಡಿ, ಹುಡುಗ ತಾನಾಗಿ ಕೊಟ್ಟರೂ ಬರೆದುಕೊಳ್ಳಬೇಡಿ. ಸಂಖ್ಯೆ ಹಾಕಿದಾಗ ಪರದೆಯ ಮೇಲೆ ಬರುವ ಹೆಸರನ್ನು ಅವನಿಗೆ ಓದಿ ಹೇಳಿ, ಅವನು ‘ಹೌದು’ ಎಂದ ಮೇಲೆ ಹಣ ಕಟ್ಟಿ. ಒಂದು ಅಂಕಿ ತಪ್ಪಿದರೂ ಡೈಮಂಡ್ ಬೇರೊಬ್ಬನ ಪಾಲು. ‘ಪುಕ್ಕಟೆ ಡೈಮಂಡ್’ ಎಂಬ ಆ್ಯಪ್, ಲಿಂಕ್ ಯಾವುದೂ ನಿಜವಲ್ಲ. ಡೈಮಂಡಿನ ಲೆಕ್ಕ ಇರುವುದು ಕಂಪನಿಯ ಸರ್ವರಿನಲ್ಲಿ, ಹುಡುಗನ ಫೋನಿನಲ್ಲಿ ಅಲ್ಲ, ಹಾಗಾಗಿ ಹೊರಗಿನ ಆ್ಯಪ್ ಅದನ್ನು ಹೆಚ್ಚಿಸಲಾರದು. ಅವು ಲಾಗಿನ್ ಕದಿಯಲು ಇಟ್ಟ ಗಾಳ. ಆಟದ ಹಳೆಯ ಖಾತೆ ಕೊಡಿಸುತ್ತೇನೆಂದು ಹಣ ಪಡೆದು ಮಾಯವಾಗುವವರೂ ಇದ್ದಾರೆ. ಹಾಗೆ ಹಣ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮೊದಲ ಗಂಟೆಗಳಲ್ಲಿ ಮಾಡಿದರೆ ಎದುರಿನ ಖಾತೆಯಲ್ಲೇ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಒಂಟಿಯಾಗಿ ಬಂದ ಚಿಕ್ಕ ಹುಡುಗ 500ರ ನೋಟು ಕೊಟ್ಟರೆ ‘ಮನೆಯಲ್ಲಿ ಗೊತ್ತಾ?’ ಎಂದು ಕೇಳಿ, ಅನುಮಾನ ಬಂದರೆ ಅವರಪ್ಪನಿಗೆ ಒಂದು ಫೋನ್ ಹಾಕಿ. ಕೋಡ್ ಕೇಳಿದವನಿಗೆ ಕೊಡುವ ಮುಂಚೆ ‘ಚಕ್ರ ಕೊನೆಯವರೆಗೆ ತಿರುಗಿಸಿದರೆ ಒಟ್ಟು ಎಷ್ಟು ರೂಪಾಯಿ ಆಗುತ್ತದೆ?’ ಎಂದು ಕೇಳಿ, ನಿಮ್ಮ ಕ್ಯಾಲ್ಕ್ಯುಲೇಟರನ್ನು ಅವನ ಮುಂದೆ ಸರಿಸಿ. 9, 19, 39 ಎಂದು ಅವನೇ ಕೂಡಿಸಲಿ.